ಮಂಡಿಗೆ ಬಾಣಂತನ

೨೭-೧೦-೨೦೦೩, ಸೋಮವಾರ

ಕಾರ್ತಿಕ ಸೋಮವಾರ. ಒಪ್ಪೊತ್ತು. ಬಾಗಿಲಿಗೆ ನೀರು ಹಾಕಿದ್ದು, ರಂಗೋಲಿ ಬಿಟ್ಟಿದ್ದು, ಹಾಲು ಕರೆದದ್ದು ಎಲ್ಲ ನನ್ನ ಒಡಹುಟ್ಟಿದ ಭದ್ರಕ್ಕ. ನನ್ನದು ಮಂಚದ ಮೇಲೆ ಕೂತೇ ವಿಭೂತಿ, ಶಿವನಾಮ. ಮೈಸೂರಿನಲ್ಲಿ ಬಲಮಂಡಿ ಆಪರೇಷನ್ ಆಗಿ ಎರಡು ವಾರ. ಸವೆದ ಕೀಲು ತೆಗೆದು ಹೊಸದು ಕೂರಿಸಿದ್ದಾರೆ.

ಅಕ್ಕನ ಮಂಡಿಗಳೂ ಹೋಗಿವೆ. "ಮೊದ್ಲು ನೀನ್ ನಡ್ದು ತೋರ್ಸು ಕಣೆ, ಆಮ್ಯಾಕೆ ನಾನೂ ಕುಯ್ಸ್ಕತೀನಿ" ಅಂದಿದ್ದಾಳೆ. ಆರೈಕೆಗೆಂದು ಕಟ್ಟೆಮಳಲವಾಡಿಯಿಂದ ಬಂದವಳು, ತಾನು ಕುಂಟುತ್ತಲೇ ನನ್ನ ಕಾಲು ನೆಲಕ್ಕೆ ತಾಗಿಸಲು ಬಿಡುವುದಿಲ್ಲ. ಬೆಳ್ಳುಳ್ಳಿ-ಮೆಣಸಿನ ಸಾರು, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮಂಡಿ ಕೆಳಗೆ ದಿಂಬು. ಆಸ್ಪತ್ರೆಯವರು ದಿನಾ ಮಡಚಿ, ನಡೀರಿ ಅಂದಿದ್ದರು. ನೋವಿಗೆ ನನಗೂ ದಿಂಬೇ ಹಿತ.

ನಮ್ಮ ಯಜಮಾನರಿಗೆ ತಮಾಷೆ. "ಬಾಣಂತಿ ಕಂಡೆ ಅತ್ಗೆ, ಮಗು ಎಲ್ಲಿ?"

"ಮೂಳೆ ಕುಯ್ದವ್ರೆ. ಹಸಿಮೈ. ನಗಾಡ್ಬ್ಯಾಡಿ."

೩೦-೧೦, ಮಧ್ಯಾಹ್ನ

ಮಲಗಿ ಮಲಗಿ ಹಳೆಯದೆಲ್ಲ ನೆನಪು. ಬೆಟ್ಟದಪುರದ ಬೆಟ್ಟ. ನನಗೆ ಐದೋ ಆರೋ. ಅರ್ಧ ಹತ್ತಿ ಹಠ ಹಿಡಿದು ಕೂತೆ. ಅಕ್ಕ ಸೊಂಟಕ್ಕೆ ಹಾಕಿಕೊಂಡು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ, ಮೇಲೆ ಹೋದ ಮೇಲೆ ಹುರಿಗಡಲೆ. ಅವಳ ಹೆಗಲಿನ ಬೆವರು, ಹರಳೆಣ್ಣೆ ವಾಸನೆ... ಆ ಕಾಲಿಗೆ ಈಗ ಬಸ್ಸಿನ ಮೆಟ್ಟಿಲೂ ಭಯ.

೩-೧೧, ಸೋಮವಾರ

ಬಾಡಿಗೆ ಕಾರಿನಲ್ಲಿ ಮೈಸೂರಿಗೆ. ಮಂಡಿ ಪೂರ್ತಿ ಮಡಚುವುದೂ ಇಲ್ಲ, ಪೂರ್ತಿ ನೆಟ್ಟಗಾಗುವುದೂ ಇಲ್ಲ.

"ಯಾರಮ್ಮ ದಿಂಬಿಟ್ಟಿದ್ದು?" ಡಾಕ್ಟರು.

ಅಕ್ಕ ಹೆಮ್ಮೆಯಿಂದ — "ನಾನೇ ಸಾ. ಒಂದಿನಾನೂ ತಪ್ಸಿಲ್ಲ."

"ನೀವೇ ಇವರ ಕಾಲು ಹಾಳು ಮಾಡ್ತಿದ್ದೀರಿ! ಹೀಗೇ ಇದ್ರೆ ಮತ್ತೆ ಮತ್ತು ಕೊಟ್ಟು ಬಗ್ಗಿಸಬೇಕಾಗುತ್ತೆ."

ಹಿಂದೆ ಬರುವಾಗ ಅಕ್ಕ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ತನ್ನೂರ ಬಸ್ಸಿಗೆಂದು ಇಳಿದೇಬಿಟ್ಟಳು. "ಕೈಯಾರೆ ನಿನ್ ಕಾಲ್ ಕೆಡಿಸ್ದೆ. ನಂಗ್ ಯಾವ ಆಪ್ರೇಸನ್ನೂ ಬ್ಯಾಡ ಬುಡು." ಅವಳ ಚೀಲ ಇಲ್ಲೇ ಇದೆ. ಎರಡು ಸೀರೆ, ಎಲೆಅಡಿಕೆ ಸಂಚಿ.

೬-೧೧

ಯಜಮಾನರು ಹಿಮ್ಮಡಿ ಹಿಡಿಯುತ್ತಾರೆ, ನಾನು ಮಡಚಬೇಕು. ಶಿವಾ ಶಿವಾ ಅಂತ ಕಿರುಚಿದ್ದೇ ಬಂತು.

"ಮೆಲ್ಲಕ್ ಕೂಗೇ. ವಯಸ್ಸಾದ್ ಮೇಲೆ ಎಂಡ್ತಿಗೆ ಒಡೀತಾವ್ನೆ ಅಂತಾರೆ ಅಳ್ಳಿಯೋರು."

ಅಳುತ್ತಾ ನಕ್ಕೆ.

೧೭-೧೧

ಕಡೇ ಕಾರ್ತಿಕ ಸೋಮವಾರ. ವಾಕರ್ ಹಿಡಿದು ಅಂಗಳದವರೆಗೆ. ಅಕ್ಕನ ಊರಿನ ಅಂಗಡಿಗೆ ಫೋನ್ ಮಾಡಿಸಿದೆವು. ಕರೆದರೂ ಬರಲಿಲ್ಲವಂತೆ. ಅವಳ ಮಂಡಿ ಮೊದಲಿಗಿಂತ ಹೆಚ್ಚು ಊದಿದೆ, ನೆಲ ಒರೆಸುತ್ತಾ ಕೂತೇ ತೆವಳುತ್ತಾಳೆ ಅಂದರು ಅಂಗಡಿಯವರು.

೮-೧೨, ಸೋಮವಾರ, ಬೆಳಿಗ್ಗೆ

ಮತ್ತು ಕೊಟ್ಟು ಬಗ್ಗಿಸುವುದೇನೂ ಬೇಡ, ಚೆನ್ನಾಗಿ ಮಡಚುತ್ತೆ ಅಂದಿದ್ದಾರೆ ಡಾಕ್ಟರು. ನೆಲಕ್ಕೆ ಮಾತ್ರ ಕೂರುವಂತಿಲ್ಲ. ದೇವರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನಾಚಿಕೆಯಾಯಿತು. ಶಿವ ಬೇಸರ ಮಾಡಿಕೊಳ್ಳಲಾರ. ಆಮೇಲೆ ಬರೀ ಕೋಲು ಹಿಡಿದು ಗಾವಡಗೆರೆ ರಸ್ತೆಯ ಅರಳಿಕಟ್ಟೆವರೆಗೆ ಹೋಗಿಬಂದೆ. ನೋವಿಲ್ಲ. ನೋಡಲು ಅಕ್ಕನೂ ಇಲ್ಲ.

ಯಜಮಾನರು ಈಗ ಅಕ್ಕನ ಊರಿನ ಬಸ್ಸಿಗೆ ಹೊರಟಿದ್ದಾರೆ. ಬೀದಿವರೆಗೆ ಜೊತೆಗೆ ನಡೆದೆ.

"ನಿಮ್ ತಂಗಿ ಇಲ್ಲಿಗಂಟ ನಡ್ಕಂಡ್ ಬಂದ್ಲು ಅಂತ ಯೋಳಿ. ಗುರುವಾರ ನನ್ ಜೊತೆ ಮೈಸೂರ್ಗೆ ಅವಳ ಮಂಡಿ ತೋರ್ಸಕ್ಕೆ ಬತ್ತಾಳಾ, ಕೇಳಿ."

"ಬ್ಯಾಡ ಅಂದ್ರೆ?"

"ಅವಳ ಜಗಲಿ ಮೇಲೇ ಕೂತ್ಕಳಿ. ಊಂ ಅನ್ನಗಂಟ ಏಳ್ಬ್ಯಾಡಿ. ಉತ್ತರ ಇಸ್ಕಂಡೇ ಬನ್ನಿ, ನಾನು ಇಲ್ಲೇ ನಿಂತ್ಕಂಡ್ ಕಾಯ್ತಿರ್ತೀನಿ."