ಎರಡು ಬೆರಳಿನಷ್ಟು ಸಡಿಲ

ಅಪ್ಪಾ,

ತೀರಿಹೋದ ನೀನು ಇದನ್ನು ಓದಲಾರೆ ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ಓಡುವ ನಿನ್ನ ಹಳೇ ಟ್ರ್ಯಾಕ್ಟರಿನಲ್ಲಿ, ಆ ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ ಇನ್ನೊಂದು ಮುರಿದರೆ ಗುಜರಿಗೇ ಎಂದು ಅಮ್ಮ ತೀರ್ಪು ಕೊಟ್ಟಿದ್ದಳು. ಮುರಿಯುತ್ತಿದ್ದವಳು ನಾನೇ, ಇಂಜಿನಿಯರಿಂಗ್ ಓದಿದ ಜಾಣೆ. ಚೈನನ್ನು ಪ್ರತಿ ಸಲವೂ ಉಸಿರುಕಟ್ಟುವಂತೆ ಬಿಗಿಯುತ್ತಿದ್ದೆ. "ಸ್ವಲ್ಪ ಸಡಿಲ ಬಿಡೇ" ಎಂದು ನೀನು ಅಂದಾಗಲೆಲ್ಲ ನಕ್ಕಿದ್ದೆ.

ಇವತ್ತು ಮಣ್ಣು ಕೆರೆದು, ಚೈನನ್ನು ಒತ್ತಿ ಬಿಗಿಯಾಗಿ ಹಿಡಿದಿದ್ದ ಗ್ರೀಸನ್ನು ಹೊರಬಿಟ್ಟು, ಚೈನಿನ ಮೇಲೆ ಹಲಗೆ ಇಟ್ಟು ನೋಡಿದೆ. ಹಲಗೆಗೂ ಚೈನಿಗೂ ನಡುವೆ ಎರಡು ಬೆರಳು ತೂರುವಷ್ಟು ಜೋಲು ಬಿಟ್ಟೆ.

"ಏನೇ ಇದು, ನಿಮ್ಮಪ್ಪನ ಹೊಟ್ಟೆ ಥರ ಜೋತುಬಿದ್ದಿದೆ!"

"ಹತ್ತಮ್ಮಾ, ಆಮೇಲೆ ಮಾತಾಡು."

ದಿಬ್ಬ ಹತ್ತಿದೆವು, ಇಳಿದೆವು. ಒಂದು ಪಿನ್ನೂ ಮುರಿಯಲಿಲ್ಲ.

"ಗುಜರಿನೂ ಇಲ್ಲ, ಗಿಜರಿನೂ ಇಲ್ಲ, ಇನ್ನೊಂದು ಸುತ್ತು ಹೊಡಿಯೇ!" ಎಂದು ಅಮ್ಮ ಕಿರುಚಿದಳು.

"ನೀನು ಹೇಳಿದ್ದೇ ಸರಿ, ಅಪ್ಪಾ!" ಎಂದು ನಾನೂ ಕೂಗಿದೆ. ಇಂಜಿನ್ ಸದ್ದಿನಲ್ಲಿ ಪಕ್ಕದಲ್ಲಿದ್ದ ಅಮ್ಮನಿಗೂ ಕೇಳಿಸಲಿಲ್ಲ.