ಆಯ್ತು ಬಿಡಿ

4 ಮಾರ್ಚ್, ಸೋಮವಾರ. ಊಟದ ಬ್ರೇಕ್

ಸಾರಿ. ಯಾರಿಗೆ ಸಾರಿ ಅಂದ್ರೆ ಗೊತ್ತಿಲ್ಲ — ಅನಾಟಮಿ ಪುಸ್ತಕಕ್ಕೆ ಇರಬೇಕು. ಅದನ್ನ ಓದೋದು ಬಿಟ್ಟು ಕ್ಯಾಂಟೀನಲ್ಲಿ ಕೂತು ಇದನ್ನ ಬರೀತಿದೀನಿ. ನನ್ನ ಕಾಗುಣಿತ ನೋಡಿದ್ರೆ ಅಮ್ಮ ತಲೆ ಚಚ್ಚಿಕೊಳ್ತಾಳೆ. ಐದನೇ ಕ್ಲಾಸಿಂದ ಹೊರರಾಜ್ಯದಲ್ಲಿ ಹಾಸ್ಟೆಲ್. ಮನೆ ಮಾತು ರಜೆಗೆ ಮಾತ್ರ. ಆದ್ರೂ ಇಂಗ್ಲಿಷಲ್ಲಿ ಬರೆದ್ರೆ ಸುಳ್ಳು ಸಲೀಸಾಗಿ ಬರುತ್ತೆ. ಅದಕ್ಕೇ ಇದು.

ಫಸ್ಟ್ ಇಯರ್‌ನವರೆಲ್ಲ ಒಂದು ವಾರ ಆಸ್ಪತ್ರೆಯ ಯಾವುದಾದ್ರೂ ಟೀಮ್ ಹಿಂದೆ ಸುತ್ತಬೇಕು. ರೂಮ್‌ಮೇಟ್‌ಗೆ ಸಿಕ್ಕಿದ್ದು ಹಾರ್ಟ್ ಸರ್ಜರಿ ಟೀಮ್. ನನಗೆ ಎಥಿಕ್ಸ್.

"ಅವರೇನ್ ಮಾಡ್ತಾರೆ?" ಅಂದ್ಲು ಅವಳು.

"ಕುರ್ಚಿ ಎಳ್ಕೊಂಡು ಕೂತ್ಕೋತಾರೆ."

"ಆಮೇಲೆ?"

"ಇನ್ನೊಂದು ವಾರ್ಡಿಗೆ ಹೋಗಿ ಇನ್ನೊಂದು ಕುರ್ಚಿ ಎಳೀತಾರೆ."

ಬಿದ್ದು ಬಿದ್ದು ನಕ್ಕಳು. ಸುಳ್ಳೇನಲ್ಲ. ಟೀಮ್ ಅಂದ್ರೆ ಮೇಡಂ ಒಬ್ಬರೇ, ಬಾಲದ ಹಾಗೆ ನಾನು. ಏನು ಮಾಡಬಹುದು ಅನ್ನೋದು ಡಾಕ್ಟರಿಗೆ ಗೊತ್ತಿರುತ್ತೆ. ಮಾಡಬೇಕಾ ಬೇಡ್ವಾ ಅಂತ ತಕರಾರು ಎದ್ದಾಗ ಮೇಡಂಗೆ ಫೋನ್. ಬೆಳಿಗ್ಗೆ ಐಸಿಯು. ಒಬ್ಬ ಪೇಶೆಂಟ್ ಮಕ್ಕಳು, ಅಣ್ಣ ತಮ್ಮ. ಅಪ್ಪನ ವೆಂಟಿಲೇಟರ್ ತೆಗೆದುಬಿಡೋಣ ಅಂತ ಅಣ್ಣ. ತೆಗೆದ್ರೆ ನೀನು ಕೊಲೆಗಾರ ಅಂತ ತಮ್ಮ. ಮೇಡಂ ಕೇಳಿದ್ದು ಒಂದೇ: "ನಿಮ್ಮಪ್ಪ ಎಂಥ ಮನುಷ್ಯ?" ಇಬ್ಬರೂ ಹೇಳ್ತಾ ಹೋದ್ರು. ಇಸ್ಪೀಟಲ್ಲಿ ಅಪ್ಪ ಮೋಸ ಮಾಡ್ತಿದ್ದದ್ದು ನೆನಪಾಗಿ ಒಟ್ಟಿಗೇ ನಕ್ಕುಬಿಟ್ರು, ಆಮೇಲೆ ಒಟ್ಟಿಗೇ ಅತ್ರು.

ಹೊರಗೆ ಬಂದು ಮೇಡಂ ಅಂದ್ರು: ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ, ರೂಮಲ್ಲಿ ಯಾರ ಮಾತು ಕೇಳಿಸ್ತಿಲ್ಲ ಅಂತ ನೋಡೋದು ನಮ್ಮ ಕೆಲಸ. ಬರ್ಕೊಂಡೆ. ಪರೀಕ್ಷೆಗೆ ಬರಬಹುದು.

6 ಮಾರ್ಚ್, ಬುಧವಾರ. ಸಂಜೆ

ಇವತ್ತು ನಾನು ಉಪಯೋಗಕ್ಕೆ ಬಂದೆ!!

ಸರ್ಜರಿ ವಾರ್ಡ್, ಕಿಟಕಿ ಪಕ್ಕದ ಬೆಡ್. ಇಸ್ತ್ರಿ ಅಜ್ಜಿ — ಗಂಡ ಹೆಂಡತಿ ಸೇರಿ ಇಸ್ತ್ರಿ ಅಂಗಡಿ ನಡೆಸ್ತಾರೆ. ಶುಗರ್ ಜಾಸ್ತಿಯಾಗಿ ಎಡಗಾಲಿನ ಬೆರಳೆಲ್ಲ ಕಪ್ಪು. ಪಾದದವರೆಗೂ ಹತ್ತಿದೆ. ಮೊಣಕಾಲಿನ ಕೆಳಗೆ ತೆಗೀಬೇಕು, ತಡ ಆದ್ರೆ ನಂಜು ಮೈಗೆಲ್ಲ ಏರುತ್ತೆ ಅಂತ ಸರ್ಜನ್. ಅಜ್ಜಿ ಎರಡು ಸಲ ತಲೆ ಅಲ್ಲಾಡಿಸಿ ಬೇಡ ಅಂದಿದಾರೆ. ಅದಕ್ಕೇ ಮೇಡಂನ ಕರೆಸಿದ್ದು. ಇಲ್ಲಿನ ಭಾಷೆಯಲ್ಲಿ ಅಜ್ಜಿಗೆ ಬರೋದು "ನಾಳೆ ಬನ್ನಿ", "ಗುಂಡಿ ಮೊದಲೇ ಕಿತ್ತಿತ್ತು", ಇಷ್ಟೇ. ಟ್ರಾನ್ಸ್‌ಲೇಟರ್ ರಜೆ.

"ನಿನಗೆ ಬರುತ್ತಾ ಅವರ ಭಾಷೆ?" ಅಂದ್ರು ಮೇಡಂ.

"ನಮ್ಮ ಮನೆ ಭಾಷೆ, ಮೇಡಂ."

ನಾನು ಬಾಯಿ ಬಿಟ್ಟ ಕೂಡ್ಲೇ ಅಜ್ಜಿ ನನ್ನ ಕೈ ಹಿಡ್ಕೊಂಡ್ರು. "ಅಯ್ಯೋ, ನಮ್ಮವಳಾ ನೀನು! ಮೊದಲೇ ಬರಬಾರದಿತ್ತಾ ಮಗಳೇ. ಇವರು ಬಂದು ನನ್ನ ಕಾಲಿನ ಹತ್ರ ಮಾತಾಡ್ಕೊಂಡು ಹೋಗ್ತಾರೆ, ಅದೇ ಉತ್ತರ ಕೊಡುತ್ತೆ ಅನ್ನೋ ಹಾಗೆ."

ಸರ್ಜನ್ ಹೇಳಿದ್ದನ್ನ ಹೇಳಿದೆ. ಗ್ಯಾಂಗ್ರೀನ್‌ಗೆ ಏನನ್ನಬೇಕೋ ಹೊಳೀಲಿಲ್ಲ, "ಕೊಳೆತಿದೆ" ಅಂದೆ. ಅಜ್ಜಿ ಮುಖ ಸಣ್ಣ ಆಯ್ತು.

"ಬೆರಳಷ್ಟೇ ತೆಗೆದ್ರೆ ಆಗಲ್ವಾ?"

"ಆಗಲ್ಲ ಅಜ್ಜಿ. ಡಾಕ್ಟರ್ ಹೇಳಿದ್ರಲ್ಲ."

"ನಿಂತು ಮಾಡೋ ಕೆಲಸ ಕಣೇ ನಂದು."

"ಜೀವಕ್ಕಿಂತ ಕೆಲಸ ಹೆಚ್ಚಾ ಅಜ್ಜಿ?"

ಸರ್ಜನ್ ವಾಚ್ ನೋಡ್ಕೊಂಡ್ರು. ನಾನು ಎಲ್ಲವನ್ನೂ ಇನ್ನೊಂದು ಸಲ ಹೇಳಿದೆ, ಬೇಗ ಬೇಗ. ಅಜ್ಜಿ ನನ್ನ ಕೈ ಬಿಟ್ಟು ಕಿಟಕಿ ಕಡೆ ತಿರುಗಿದ್ರು.

"ಆಯ್ತು ಬಿಡಿ."

"ಏನಂದ್ರು?" ಮೇಡಂ ಕೇಳಿದ್ರು.

"ಆಯ್ತು ಅಂತೆ. ಒಪ್ಪಿದ್ರು."

"ಅದು ಅವರದ್ದೇ ಮಾತಾ?"

"ಹೂಂ ಮೇಡಂ. ಅವರದ್ದೇ."

ಸರ್ಜನ್ ನನ್ನ ಭುಜ ತಟ್ಟಿದ್ರು. ಶುಗರ್ ಹಿಡಿತಕ್ಕೆ ತಂದು ಸೋಮವಾರ ಬೆಳಿಗ್ಗೆ ಆಪರೇಷನ್. ನರ್ಸ್ ಒಪ್ಪಿಗೆ ಫಾರಂ ಸಹಿಗೆ ಪೆನ್ ಕೊಟ್ಟಾಗ ಅಜ್ಜಿ ಕೇಳಿದ್ದು "ಎಲ್ಲಿ?" ಅಂತ ಅಷ್ಟೇ.

ಹಾಸ್ಟೆಲ್ ತನಕ ಹಾರ್ಕೊಂಡೇ ಬಂದೆ.

7 ಮಾರ್ಚ್, ಗುರುವಾರ

ಬೆಳಿಗ್ಗೆ ಮಕ್ಕಳ ವಾರ್ಡ್ — ಇನ್ನೊಂದು ಕೀಮೋ ಬೇಡ ಅನ್ನೋ ಹುಡುಗಿ, ಬೇಕೇ ಬೇಕು ಅನ್ನೋ ಅಪ್ಪ. ಏನೂ ಮುಗೀಲಿಲ್ಲ, ನಾಳೆ ಮತ್ತೆ. ಮಧ್ಯಾಹ್ನ ಡಯಾಲಿಸಿಸ್. ಒಬ್ಬರು ಮೇಷ್ಟ್ರು, ನಿಲ್ಲಿಸಿಬಿಡಿ, ಸಾಯ್ತೀನಿ ಅಂತ ಹಟ. ಮೇಡಂ ಕೆದಕಿ ಕೆದಕಿ ಕೇಳಿದ್ರೆ... ಒಬ್ಬ ಟೆಕ್ನಿಷಿಯನ್ ಸೂಜಿ ಚುಚ್ಚೋದು ತಡೆಯೋಕಾಗಲ್ಲವಂತೆ. ಅವನನ್ನ ಬದಲಾಯಿಸಿದ್ರೆ ಬರ್ತಾರಂತೆ!

"ಬೇಡ ಅಂದ್ರೂ ನಿಂತು ಕೇಳ್ಬೇಕು, ಬೇಕು ಅಂದ್ರೂ ನಿಂತು ಕೇಳ್ಬೇಕು" — ಮೇಡಂ, ಲಿಫ್ಟಲ್ಲಿ.

ವಾಪಸ್ ಬರುವಾಗ ಸರ್ಜರಿ ವಾರ್ಡ್ ಮುಂದಿನ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಬಂದೆ. ಯಾಕೋ.

9 ಮಾರ್ಚ್, ಶನಿವಾರ. ಮಧ್ಯಾಹ್ನ

ಅಮ್ಮನ ಫೋನ್. ಮುಂದಿನ ವಾರ ರಜೆಗೆ ಬರ್ತೀಯಲ್ಲ ಅಂತ. ಇಲ್ಲಮ್ಮ, ಟೆಸ್ಟ್ ಇದೆ, ಇಲ್ಲೇ ಇದ್ದು ಓದ್ತೀನಿ ಅಂದೆ.

"ಆಯ್ತು ಬಿಡು."

ಸರಿ ಅಂತ ನಾನು ಮೆಸ್ ಊಟದ ವಿಷಯ ಶುರು ಮಾಡಿದೆ. ಆ ಕಡೆಯಿಂದ ಚಿಕ್ಕಮ್ಮನ ದನಿ, ಫೋನ್ ಕಿತ್ಕೊಂಡಿದಾಳೆ.

"ಏನ್ ಹೇಳ್ದೆ ಮಹಾರಾಯ್ತಿ? ನಿಮ್ಮಮ್ಮ ಎದ್ದು ಒಳಗೆ ಹೋದ್ಲು."

"ರಜೆಗೆ ಬರಲ್ಲ ಅಂದೆ. ಆಯ್ತು ಅಂದ್ಲಲ್ಲ ಚಿಕ್ಕಮ್ಮ."

"ಆಯ್ತು ಅಂದ್ಲಾ, ಆಯ್ತು ಬಿಡು ಅಂದ್ಲಾ?"

"ಎರಡೂ ಒಂದೇ ಅಲ್ವಾ?"

ಚಿಕ್ಕಮ್ಮ ನಕ್ಕಿದ್ದು ಇನ್ನೂ ಕಿವೀಲಿದೆ. "ನಿನ್ನ ಹಾಸ್ಟೆಲ್ ಭಾಷೆಗಿಷ್ಟು! ಆಯ್ತು ಅಂದ್ರೆ ಆಯ್ತು. ಬಿಡು ಅಂತ ಬಾಲ ಸೇರಿದ್ರೆ — ನಿನ್ನ ಹತ್ರ ಹೇಳಿ ಏನು ಬಂತು, ಹೋಗು ಅಂತ. ಇಷ್ಟು ವರ್ಷ ಅವಳು ಬಿಡು ಅಂದಾಗೆಲ್ಲ ಒಪ್ಪಿದ್ಲು ಅಂತ ತಿಳ್ಕೊಂಡಿದ್ಯಾ?"

ತಿಳ್ಕೊಂಡಿದ್ದೆ. ಹೌದು. ಬರ್ತ್‌ಡೇಗೆ ಬರಲ್ಲ — ಆಯ್ತು ಬಿಡು. ನೀವು ಹಾಸ್ಟೆಲ್‌ಗೆ ಬರೋದು ಬೇಡ, ಫ್ರೆಂಡ್ಸ್ ಇರ್ತಾರೆ — ಆಯ್ತು ಬಿಡು. ನಮ್ಮಮ್ಮ ತುಂಬಾ ಕೂಲ್ ಅಂತ ಎಲ್ಲರ ಹತ್ರ ಕೊಚ್ಕೊಂಡಿದೀನಿ.

ಆಮೇಲೆ ನೆನಪಾಯ್ತು. ಅಜ್ಜಿ ಅಲ್ಲೀವರೆಗೂ ನನ್ನ ನೀನು, ಮಗಳೇ ಅಂತಿದ್ರು. ಕೊನೆಗೆ ಅಂದಿದ್ದು ಬಿಡು ಅಲ್ಲ. ಬಿಡಿ. ನನ್ನನ್ನೂ ಕಾಲಿನ ಹತ್ರ ನಿಂತವರ ಜೊತೆ ಸೇರಿಸಿಬಿಟ್ಟಿದ್ರು.

ಚಿಕ್ಕಮ್ಮ ಹೇಳಿದ್ದೆಲ್ಲ ಸರಿ ಇರಬೇಕು ಅಂತೇನಿಲ್ಲ. ಅಜ್ಜಿ ನಿಜವಾಗಲೂ ಒಪ್ಪಿರಬಹುದು. ಒಪ್ಪಿರಬಹುದು ಅಲ್ವಾ?

10 ಮಾರ್ಚ್, ಭಾನುವಾರ. ವಿಸಿಟಿಂಗ್ ಅವರ್ ಮುಗಿದ ಮೇಲೆ

ಹೋಗಿದ್ದೆ. ಅಜ್ಜಿ ಗಂಡ ಬೆಡ್ ಪಕ್ಕ ಕೂತು ಅವರ ಉಗುರು ಕತ್ತರಿಸ್ತಿದ್ರು. ಬಲಗಾಲಿಂದು ಮಾತ್ರ. ನನ್ನ ನೋಡಿ ಸ್ಟೂಲ್ ಬಿಟ್ಟು ಎದ್ದು ನಿಂತ್ರು, ಡಾಕ್ಟರ್ ಬಂದ ಹಾಗೆ.

"ಅಜ್ಜಿ, ಅವತ್ತು ನೀವು ಆಯ್ತು ಬಿಡಿ ಅಂದ್ರಲ್ಲ. ಕಾಲು ತೆಗೀಲಿ ಅಂತ ಒಪ್ಪಿ ಅಂದಿದ್ದಾ?"

ಅಜ್ಜಿ ನನ್ನನ್ನೇ ತಿರುಗಿ ಕೇಳಿದ್ರು. "ಬೆರಳಷ್ಟೇ ತೆಗೆದ್ರೆ ಆಗಲ್ವಾ ಅಂತ ಕೇಳಿದ್ದೆ. ಡಾಕ್ಟರ್ ಏನಂದ್ರು?"

ಡಾಕ್ಟರಿಗೆ ನಾನು ಅದನ್ನ ಹೇಳೇ ಇರ್ಲಿಲ್ಲ. ಉತ್ತರ ನಾನೇ ಕೊಟ್ಟಿದ್ದೆ. ನಿಂತು ಮಾಡೋ ಕೆಲಸ ಅಂದಿದ್ದನ್ನೂ ಹೇಳಿರ್ಲಿಲ್ಲ.

"ಅವರಿಗೆ ಬೇಡ ಅಂದೆ, ಭಾಷೆ ತಿಳೀಲಿಲ್ಲ ಅಂದ್ಕೊಂಡೆ," ಅಂದ್ರು ಅಜ್ಜಿ. ಸಿಟ್ಟಿರ್ಲಿಲ್ಲ ದನೀಲಿ. ಇದ್ದಿದ್ರೆ ಚೆನ್ನಾಗಿತ್ತು. "ನಿನಗೆ ತಿಳಿಯುತ್ತಲ್ಲ. ನೀನೂ ಅವರು ಹೇಳಿದ್ದನ್ನೇ ಹೇಳ್ದೆ. ಇನ್ಯಾರ ಹತ್ರ ಅಂತ ಹೇಳ್ಲಿ?"

ಗಂಡ ಮಧ್ಯೆ ಬಾಯಿ ಹಾಕಿದ್ರು. "ಕೂತ್ಕೊಂಡೇ ಇಸ್ತ್ರಿ ಮಾಡೋ ಹಾಗೆ ಮೇಜು ಇಳಿಸಿಕೊಡ್ತೀನಿ ಅಂತ ಬಡ್ಕೊಂಡೆ ಕಣಮ್ಮ. ಇವಳು ಕೇಳ್ಬೇಕಲ್ಲ."

"ನೀವು ಸುಮ್ನಿರಿ. ಮೇಜು ಇಳಿಸಿದ್ರೆ ನಿಮ್ಮ ಸೊಂಟ ಹೋಗುತ್ತೆ."

ಇಬ್ಬರೂ ಜಗಳಕ್ಕೆ ಬಿದ್ರು. ಅಜ್ಜಿ ಒಪ್ಪಲೇಬಾರದು ಅಂತ ಕೂತವರಲ್ಲ. ಕೇಳಬೇಕಾದ್ದು ಇನ್ನೂ ಇತ್ತು, ಅಷ್ಟೇ. ಅದನ್ನ ನಾನು ಮುಗಿಸಿಬಿಟ್ಟೆ.

ಅದೇ ದಿನ. ಸಂಜೆ

ರೂಮ್‌ಮೇಟ್‌ಗೆ ಹೇಳಿದೆ. "ಹೇಳ್ಬೇಡ ಕಣೇ," ಅಂದ್ಲು. "ಕಾಲು ಹೋದ್ರೂ ಬದುಕ್ತಾರೆ. ನೀನು ಬಾಯಿ ಬಿಟ್ಟು ಆಪರೇಷನ್ ನಿಂತು ನಂಜೇರಿದ್ರೆ? ಅದೂ ನಿನ್ನ ತಲೆಗೇ ಬರುತ್ತೆ."

ಅವಳು ಹೇಳೋದು ಸುಳ್ಳಲ್ಲ. ಅದೇ ಕಷ್ಟ. ಮಧ್ಯಾಹ್ನದಿಂದ ಅದನ್ನೇ ನನಗೆ ನಾನೇ ಹೇಳ್ಕೋತಿದೀನಿ. ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ, ಅಜ್ಜಿ ಜೀವವೂ ಉಳಿಯುತ್ತೆ, ಸರ್ಜನ್ ಕಂಡಾಗೆಲ್ಲ ಭುಜ ತಟ್ತಾರೆ. ಅವರ ಕಾಲು ಹೋಗಿ ನನ್ನ ಮರ್ಯಾದೆ ಉಳಿಯುತ್ತೆ. ಥೂ.

ಮೇಡಂಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ವಾರ್ಡಿಗೆ ಮಾಡಿದೆ, ಸಹಿ ಆಗಿದೆಯಲ್ಲ, ಸ್ಟೂಡೆಂಟ್ ಮಾತಿಗೆ ನಿಲ್ಸೋಕಾಗಲ್ಲ, ನಿಮ್ಮ ಮೇಡಂ ಹೇಳ್ಬೇಕು ಅಂದ್ರು ನರ್ಸ್. ಈಗ ಮೆಸೇಜ್. ಕಳಿಸೋಕೆ ಮುಂಚೆ ನಮ್ಮ ಮಾತಲ್ಲಿ ಬರ್ಕೋತೀನಿ. ಅವಸರದಲ್ಲಿ ಮತ್ತೆ ಏನಾದ್ರೂ ಬಿಟ್ಟುಹೋದ್ರೆ...

ಮೇಡಂ, ಇಸ್ತ್ರಿ ಅಜ್ಜಿ ಒಪ್ಪಿಲ್ಲ. ನಾನು ತಪ್ಪು ಹೇಳಿದೆ. ಅವರ ಮಾತಿನ ಅರ್ಥ "ನಿಮ್ಮ ಹತ್ರ ಹೇಳಿ ಪ್ರಯೋಜನ ಇಲ್ಲ" ಅಂತ. ಅದನ್ನ ನಾನು ಒಪ್ಪಿದ್ರು ಅಂತ ಹೇಳಿಬಿಟ್ಟೆ. ಬೆರಳಷ್ಟೇ ತೆಗೆದ್ರೆ ಸಾಲದಾ ಅಂತ ಅವರು ಕೇಳಿದ್ರು, ನಿಂತು ಮಾಡೋ ಕೆಲಸ ಅಂತಲೂ ಅಂದ್ರು. ಸರ್ಜನ್ ಉತ್ತರ ಅವರಿಗೆ ಬೇಕು, ನನ್ನದಲ್ಲ. ಅವರಿಗೆ ಅಪಾಯ ಇದೆ ಅಂತ ಗೊತ್ತು, ತಡ ಆಗಬಾರದು ಅಂತಲೂ ಗೊತ್ತು. ಬೇರೆ ಟ್ರಾನ್ಸ್‌ಲೇಟರ್ ಕರೆಸಿ ಇನ್ನೊಂದು ಸಲ ಕೇಳಿ, ಇವತ್ತೇ. ನಾನು ವಾರ್ಡ್ ಹೊರಗೆ ಬೆಂಚ್ ಮೇಲೆ ಕೂತಿರ್ತೀನಿ. ನಾಳೆ ಬೆಳಿಗ್ಗೆ ಮೊದಲ ಕೇಸೇ ಅವರದ್ದು, ಮೇಡಂ. ದಯವಿಟ್ಟು ಬೇಗ ಉತ್ತರ ಕೊಡಿ