ಕೆಂಪು ಚುಕ್ಕಿಯ ಹಿಂದೆ

ದಾಂಡೇಲಿ
ಜನವರಿ ೧೮, ೨೦೨೫

ರುಕ್ಸಾರ,

'ಪ್ರೀತಿಯ' ಎಂದು ಬರೆಸಲು ನಾಲಿಗೆ ಹೊರಳಲಿಲ್ಲ. ಓದಬಾರದು, ಬರೆಯಬಾರದು, ಮೊಬೈಲ್ ಮುಟ್ಟಬಾರದು ಎಂದು ಡಾಕ್ಟರ ಹುಕುಂ. ಅದಕ್ಕೇ ನಾನು ಹೇಳುತ್ತಿದ್ದೇನೆ, ಅವ್ವ ಬರೆಯುತ್ತಿದ್ದಾಳೆ. ಅವ್ವನಿಂದ ಫೋನ್ ಹಚ್ಚಿಸಿ ಬೈಯಬಹುದಿತ್ತು. ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ.

ಹಳಿಯಾಳದ ಗರಡಿಯಲ್ಲಿ ನೀನು ಎತ್ತಿ ಒಗೆದಾಗ ನನ್ನ ತಲೆ ಮ್ಯಾಟಿನಾಚೆಯ ಸಿಮೆಂಟಿಗೆ ಬಡಿಯಿತಲ್ಲ, ಅದಕ್ಕೆ ಸಿಟ್ಟಿಲ್ಲ. ಕುಸ್ತಿ ಎಂದಮೇಲೆ ಬೀಳುವುದು ಇದ್ದದ್ದೇ. ವಸ್ತಾದರು ಗರಡಿಯ ಮಣ್ಣನ್ನು ಹಣೆಗೆ ಹಚ್ಚಿ, "ಏನೂ ಆಗಿಲ್ಲ, ಏಳವಾ ಹುಲಿ" ಎಂದರು. ಎಷ್ಟು ಬೆರಳು ಎಂದು ಕೇಳಿದರು, ಸರಿಯಾಗಿಯೇ ಹೇಳಿದೆ. ರಾಜ್ಯ ತಂಡದ ಆಯ್ಕೆ ಎದುರಿಗಿತ್ತು. ಮನೆಯ ಹಿತ್ತಲಲ್ಲಿ ವಾಂತಿ ಮಾಡಿಕೊಂಡದ್ದನ್ನು ನಿನಗೊಬ್ಬಳಿಗೇ ಹೇಳಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದೆ.

ಮರುದಿನವೇ ವಸ್ತಾದರಿಗೆ ಸುದ್ದಿ ಮುಟ್ಟಿತು! ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಕಣ್ಣಿಗೆ ದಪ್ಪ ಕನ್ನಡಕದಂಥದ್ದನ್ನು ಕಟ್ಟಿ, ಒಳಗೆ ಕೆಂಪು ಚುಕ್ಕಿ ಓಡಿಸಿದರು. ಅದು ಹೋದ ಕಡೆ ಕಣ್ಣು ಹೋಗಬೇಕು, ಅಷ್ಟೇ. ನಾನು ಬಿಡದೆ ಹಿಂಬಾಲಿಸಿದೆ ಅಂದುಕೊಂಡಿದ್ದೆ. ಡಾಕ್ಟರು ಪರದೆಯ ಮೇಲಿನ ಗೆರೆ ತೋರಿಸಿ, "ಚುಕ್ಕಿ ಮುಂದ ಹೋಗೈತಿ, ನಿನ್ನ ಕಣ್ಣು ತಡವರಿಸಿಕೋತ ಹಿಂದಿಂದ ಬರಾಕತ್ತೈತಿ. ಮಿದುಳಿಗೆ ಪೆಟ್ಟು ಬಿದ್ದೈತಿ. ಇನ್ನೊಮ್ಮೆ ಹಿಂಗ ಬಿದ್ರ ಜೀವಕ್ಕ ಕುತ್ತು" ಎಂದರು. ನನ್ನ ಕುಸ್ತಿ ಅಲ್ಲಿಗೇ ನಿಂತಿತು.

ನನ್ನ ಜಾಗಕ್ಕೆ ಯಾರು ಹೋದರು? ನೀನೇ. ಒಂದೇ ತೂಕದವರಲ್ಲವೇ ನಾವು! ಒಂದೇ ತಾಟಿನಲ್ಲಿ ಉಂಡವಳು ಉಂಡ ಮನೆಯ ಗಳ ಎಣಿಸಿದೆ. ಈ ಮಾತಿಗೆ ಅವ್ವನ ಕೈ ನಿಂತಿತು. "ಹಂಗ ಅನಬ್ಯಾಡವಾ" ಎಂದಳು. ಬರೆ ಎಂದು ರೇಗಿದೆ. ಪದಕ ಗೆದ್ದು ತಂದರೂ ನಮ್ಮ ಓಣಿಗೆ ಕಾಲಿಡಬೇಡ.

ಇನ್ನು ನಿನ್ನವಳಲ್ಲದ,
ಮಧುಮತಿ

ತಾ.ಕ: ರುಕ್ಸಾರ, ಇದು ಅಕಿ ಹೇಳಿದ್ದಲ್ಲ, ನಾ ದುರ್ಗವ್ವ ಬರದದ್ದು. ಅಕ್ಷರ ಕುಣದಂಗ ಕಾಣತಾವ, ಅಕಿಗೆ ಓದಾಕ ಆಗೂದಿಲ್ಲ. ಅದಕ್ಕ ಧೈರ್ಯ ಮಾಡೇನಿ. ಹಿತ್ತಲದಾಗ ವಾಂತಿ ಮಾಡೂದನ್ನ ನಾ ನೋಡಿದ್ದೆ. ವಸ್ತಾದರಿಗೆ ಹೇಳಿದಾಕಿ ನಾನ. ಗೊತ್ತಾದ್ರ ಅಕಿ ನನ್ನ ಕೈನೀರೂ ಕುಡಿಯೂದಿಲ್ಲ. ಕೈ ಹಿಡಿದು ನಡಸಾಕ ನನ್ನ ಬಿಟ್ರ ಯಾರದಾರ? ಅಕಿ ತಲಿ ನೆಟ್ಟಗಾಗೂ ತನಕ ಈ ಬೈಗುಳ ನೀ ಹೊತ್ಕೋ, ಮಗಳ. ಅಲ್ಲೀತನಕ ಮನಿ ಕಡೆ ಬರಬ್ಯಾಡ. ಎದುರಿಗೆ ಬಂದ್ರ ನೀ ಸುಳ್ಳು ಹೇಳೂ ಪೈಕಿ ಅಲ್ಲ.